ಮುಳ್ಳು ಕೂಡಿಸುವ ಕೆಲಸ

ನಾನಾ ಪೇಠಿನ ಓಣ್ಯಾಗ ಎಂಟಡಿ ಅಗಲದ ಅಂಗಡಿ.
ಗ್ವಾಡಿ ತುಂಬ ಮೀಟರು: ಟೆಂಪೋದವು, ಜೀಪಿನವು,
ಹೆಸರು ಅಳಿಸಿಹೋದ ಯಾವುದೋ ಲಾರಿಯವು.
ಎಲ್ಲಾ ಸೊನ್ನಿ ಮ್ಯಾಲ ಕುಂತಾವ.
ಓಡಿದ್ದೆಲ್ಲಾ ಇಲ್ಲಿಗೆ
ನಿಂತ ಮ್ಯಾಲನ ಬರತೈತಿ.

ಕೈಖುಸ್ರೂ ಶೇಠ್ ಮೊದಲು ಕಲಿಸಿದ್ದು ಮುಳ್ಳು ಕೀಳೂದು.
ಹಿಡಿಕಿ ಬಾಗಿಸಿದ ಎರಡು ಚಹಾ ಚಮಚ,
ಡಯಲ್ಲಿಗೆ ಗೀರು ಬೀಳಬಾರದಂತ ಕೆಳಗ ಹಳೇ ಪೋಸ್ಟ್‌ಕಾರ್ಡು.
'ಎರಡೂ ಕಡೆ ಒಂದ ಸಮ ಎತ್ತು, ನಂದಾ.
ಒಂದು ಕಡೆ ಹೆಚ್ಚಾತಂದ್ರ ಕಡ್ಡಿ ಮುರೀತೈತಿ.'
ಅವರದು ಗುಜರಾತಿ ಬೆರೆತ ಮರಾಠಿ, ನನ್ನದು ಇಂಡಿ ಕನ್ನಡ,
ನಡುವ ಇಕ್ಕಳ ಒಂದ ಭಾಷಾ.

ಗಾಜು ಬಿಚ್ಚಿ ಒಳಗ ಹೋದ್ರ
ಗೇರ್‌ಬಾಕ್ಸಿನಿಂದ ಬಂದ ಕೇಬಲ್ಲು, ಜಡಿ ಹೆಣದಂಥ ತಂತಿ,
ಅದರ ತುದಿಗೆ ಗರಗರ ತಿರುಗೋ ಅಯಸ್ಕಾಂತ,
ಅದರ ಮ್ಯಾಲ ಬೋರಲಾದ ಅಲ್ಯೂಮಿನಿಯಮ್ಮಿನ ಬಟ್ಟಲ,
ಕುಂಕುಮದ ಭರಣಿ ಮುಚ್ಚಳದಷ್ಟ.
ಒಂದಕ್ಕೊಂದು ಮುಟ್ಟೂದಿಲ್ಲ.
ನಡುವ ಕಾಗದ ಹಾಯಿಸಿ ನೋಡಿದೆ, ಹಾದು ಹೋತು.
ಅಲ್ಯೂಮಿನಿಯಮ್ಮು ಅಯಸ್ಕಾಂತಕ್ಕ ಅಂಟೂದೂ ಇಲ್ಲ;
ಆದರೂ ಅದು ತಿರುಗಿದ್ರ ಇದು ಬೆನ್ನ ಹತ್ತತೈತಿ.
ಪೂರಾ ಹೋಗಗೊಡೂದಿಲ್ಲ ಕೂದಲೆಳಿ ಸ್ಪ್ರಿಂಗು,
ಸೆರಗು ಹಿಡಿದು ಜಗ್ಗತೈತಿ.
ಆ ಎಳೆದಾಟ ಎಲ್ಲಿ ನಿಂತಿತೋ
ಅದಕ್ಕ ನಾವು ಅರವತ್ತು ಅಂತೀವಿ.

ಪೆಟ್ರೋಲಿನ ಮುಳ್ಳು ಬ್ಯಾರೆ ಜಾತಿ.
ಟಾಕಿಯೊಳಗಿನ ಬೆಂಡು ತೇಲಿ ಮುಳುಗಿ ಹೇಳಿದ್ದನ್ನ
ಇದು ಬಿಸಿಯಾಗಿ, ಸಾವಕಾಶ ಬಾಗಿ ಕೇಳತೈತಿ.
ಬೇಕಂತನ ಹಂಗ ಮಾಡ್ಯಾರ.
ತಗ್ಗು ದಿನ್ನಿಗೆಲ್ಲಾ ಪೆಟ್ರೋಲು ತುಳುಕತೈತಿ;
ತುಳುಕಿದ್ದಕ್ಕೆಲ್ಲಾ ಮುಳ್ಳು ಹೌಹಾರಿದ್ರ
ಗಾಡಿ ಹೊಡಿಯಾವಗ ಹುಚ್ಚು ಹಿಡೀತೈತಿ.

ಇನ್ನ ಆಯಿಲ್ ದೀಪ.
ಕೀಲಿ ತಿರುವಿದ ಕೂಡಲೆ ಹತ್ತಬೇಕು,
ಎಂಜಿನ್ ಎದ್ದು ಒತ್ತಡ ಬಂದ್ರ ಆರಬೇಕು.
ಒಮ್ಮೆ ಹತ್ತಿ ತೋರಿಸಿದ್ರನ ಅದು ಜೀವಂತ ಐತಿ ಅಂತ ಲೆಕ್ಕ.
ಬಬನ್ ಖೈರೆ ಟೆಂಪೋ ತಂದ,
ಸಾಸವಡದಿಂದ ಅಂಜೀರ ಹೊರೋ ಗಾಡಿ.
'ದಿವೆ ಘಾಟಿನ್ಯಾಗ ಕೆಂಪು ದೀಪ ಕಣ್ಣು ಚುಚ್ಚತೈತಿ,
ತಗದ ಒಗೀರಿ ಆ ಬಲ್ಬು.'
ಶೇಠ್ ಒಲ್ಲೆ ಅಂದ್ರು.
ಮುಂದಿನ ತಿರುವಿನ್ಯಾಗ ಯಾವನೋ ತಗದ, ಹತ್ತು ರೂಪಾಯಿಗೆ.
ಹದಿನೈದು ದಿನಕ್ಕ ಅದ ಟೆಂಪೋ
ಹಗ್ಗ ಕಟ್ಟಿಸಿಕೊಂಡು ನಮ್ಮ ಮುಂದ ಹಾದು ಹೋತು.
ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು.
ಹಲಗಿ ಸಂದಿಯಿಂದ ಅಂಜೀರದ ರಸ ಸೋರತಿತ್ತು, ಮ್ಯಾಲ ನೊಣ.
ಇಣುಕಿ ನೋಡಿದೆ:
ಮೀಟರಿನ ಮುಖದಾಗ ಒಂದೂ ದೂರಿರಲಿಲ್ಲ.

ಹೋದ ಮಳಿಗಾಲದಿಂದ
ಸ್ಪ್ರಿಂಗು ಬಂದ್ರ ಶೇಠ್ ನನ್ನ ಕಡೆ ಸರಸತಾರ,
'ನೀನ ಹಾಕು' ಅಂತ.
ಅವರ ಇಕ್ಕಳದ ತುದಿ ಗಾಜಿಗೆ ಬಡಿದು
ಟಿಕ್ ಟಿಕ್ ಅನ್ನೂದು ಕೇಳೇನಿ.
'ಹೆಂಗದೀರಿ?' ಅಂದ್ರ 'ಫಸ್ಟ್‌ಕ್ಲಾಸ್' ಅಂತಾರ,
ಬಲ್ಬು ತಗದ ಮುಖದಾಗ.

ನಿನ್ನೆ ಹೊಸಾ ಕಾರಿನ ಪ್ಯಾನೆಲ್ ಬಂತು.
ಕೇಬಲ್ ಇಲ್ಲ, ಬಟ್ಟಲ ಇಲ್ಲ, ಎಳೆದಾಟ ಇಲ್ಲ.
ಹಸಿರು ಹಲಗಿ, ಕಡ್ಡಿಪೆಟ್ಟಿಗಿಗಿಂತ ಸಣ್ಣ ನಾಕು ಮೋಟರು;
ಎಷ್ಟು ಹೆಜ್ಜಿ ಅಂದ್ರ ಅಷ್ಟ ಇಡತಾವ.
ಬ್ಯಾಟರಿ ಹಚ್ಚಿ ಕೀಲಿ ತಂತಿ ಕೂಡಿಸಿದೆ.
ಇದ್ದ ದೀಪ ಎಲ್ಲಾ ಒಮ್ಮೆಲೆ ಹತ್ತಿದ್ವು,
ಮುಳ್ಳುಗಳು ಕಡೀ ಅಂಕಿತನಕ ಹೋಗಿ
ಸೊನ್ನಿಗೆ ವಾಪಸ್ ಬಂದ್ವು.
ಶೇಠ್ ಸ್ಟೂಲ್ ಹತ್ತಿರ ಎಳಕೊಂಡ್ರು.
'ಇನ್ನೊಮ್ಮೆ.'
ತಂತಿ ಬಿಡಿಸಿ ಮತ್ತ ಕೂಡಿಸಿದೆ.
ಕೆಂಪು, ಹಳದಿ, ಹಸಿರು ಬೆಳಕಿನ್ಯಾಗ
ಅವರ ಬಲಗೈ ಮೇಜಿನ ಮ್ಯಾಲ ನಡುಗತಿತ್ತು.
ಈ ಸಲ ಅವರು ಅದನ್ನ ಕಿಸೆದಾಗ ಇಟಗೊಳ್ಳಲಿಲ್ಲ.

'ನಾಳೆ ಅಂಗಡಿ ನೀನ ತೆಗಿ' ಅಂದ್ರು,
'ನನಗ ಡಾಕ್ಟರ ಕಡೆ ಹೋಗೂದೈತಿ.'

ಡಯಲ್ಲಿನ ಮ್ಯಾಲ ಯಾರದೋ ಉಸಿರಿನ ಹಬೆ ಕುಂತಿತ್ತು.
ಆರಲಿ ಅಂತ ಬಿಟ್ಟು,
ಆಮ್ಯಾಲ ಗಾಜು ಮುಚ್ಚಿದೆ.