ಹನ್ನೊಂದೋ ಹನ್ನೆರಡೋ

ಸೊನ್ನೆ ಪಾಯಿಂಟ್ ಎಂಬತ್ತೇಳು.
ಪರದೆಯ ಮೇಲೆ ಮಾದರಿಯ ಕೆಂಪು ಗೆರೆ
ಮುಠಾ ನದಿಯ ನೀಲಿ ಗೆರೆಗೆ
ಹೊಲಿಗೆ ಹಾಕಿದಂತೆ ಕೂತಿದೆ, ಜುಲೈಯಲ್ಲಿ.
ಓಗಲೆ ಮೇಡಂ ಬೆನ್ನ ಹಿಂದೆ ನಿಂತು ನೋಡಿ
"ಛಾನ್" ಎಂದರು, ಚಹಾಕ್ಕೆ ಹೋದರು.

ನಾನು ಗೆರೆ ಹಿಡಿದು ಏಪ್ರಿಲ್ಲಿಗೆ ಬಂದೆ.
ಅಲ್ಲಿ ನಮ್ಮ ನದಿ ಸತ್ತು ಹೋಗಿದೆ.
ಭಿಡೆ ಪೂಲಿನ ಕೆಳಗೆ ಮೊನ್ನೆ ಕಂಡದ್ದು ಬೇರೆ:
ಮೊಣಕಾಲುದ್ದ ನೀರು, ಹಸಿರು, ನಾರುವ ನೀರು,
ಅದರೊಳಗೆ ಮೂರು ಎಮ್ಮೆ, ಅವುಗಳ ಬೆನ್ನುಜ್ಜುತ್ತಾ
ಮೊಬೈಲನ್ನು ಹಲ್ಲಲ್ಲಿ ಕಚ್ಚಿಕೊಂಡ ಹುಡುಗ.

ಅಂಕ ಕೊಡುವ ಸೂತ್ರ ಹೇಳುತ್ತದೆ,
ತಪ್ಪನ್ನು ತಪ್ಪಿನಿಂದಲೇ ಗುಣಿಸು.
ಹತ್ತರ ತಪ್ಪು ನೂರಾಗುತ್ತದೆ,
ಅರ್ಧದ ತಪ್ಪು ಕಾಲಾಗುತ್ತದೆ.
ಎಮ್ಮೆಯ ಹುಡುಗನ ಎರಡು ತಿಂಗಳು ಪೂರಾ ತಪ್ಪಿದರೂ
ಮಳೆಗಾಲದ ಒಂದು ಮಧ್ಯಾಹ್ನದಷ್ಟು ತೂಗುವುದಿಲ್ಲ.
ದಿನಾ "ಸರಾಸರಿ, ಸರಾಸರಿ" ಎಂದು
ಒಂದೇ ಉತ್ತರ ಒಪ್ಪಿಸುವ ದಡ್ಡನಿಗೂ
ಇಲ್ಲಿ ಸೊನ್ನೆಯ ಮರ್ಯಾದೆ ಉಂಟು.
ಅವನಿಗಿಂತ ಕೆಳಗೂ ಇಳಿಯಬಹುದು. ತಳವಿಲ್ಲ.

ಲಾಗರಿದಮ್ ಹಾಕಿ ನೋಡಿದೆ.
ಸಣ್ಣ ಹರಿವಿಗೆ ಬಾಯಿ ಬಂತು, ಏಪ್ರಿಲ್ ಉಸಿರಾಡಿತು.
ಆದರೆ ಆ ಜುಲೈ ರಾತ್ರಿಯ ನೆರೆ
ಮೂರರಲ್ಲೊಂದು ಪಾಲು ಕುಗ್ಗಿ
ನಾಲ್ಕು ತಾಸು ತಡವಾಗಿ ಬಂತು.
ನಾಲ್ಕು ತಾಸು ಅಂದರೆ
ಸಿಂಹಗಡ ರಸ್ತೆಯ ನೆಲಮಹಡಿಗಳಲ್ಲಿ
ಫ್ರಿಜ್ಜು ತೇಲಿದ ಮೇಲೆ ಕೂಗುವ ಸೈರನ್ನು.

ಒಟ್ಟು ನೀರಿನ ಲೆಕ್ಕ ಹಿಡಿದೆ. ಅಚ್ಚುಕಟ್ಟು ತಾಳೆ.
ನಮ್ಮ ಸೋದರಮಾವ ಹೀಗೇ ಮನೆ ನಡೆಸಿದ್ದ,
ಶ್ರಾವಣದಲ್ಲಿ ಹೋಳಿಗೆ, ಮಾಘದಲ್ಲಿ ಉಪವಾಸ,
ಯುಗಾದಿಗೆ ಖಾತೆ ಸರಿಹೋಗುತ್ತಿತ್ತು.
ಅತ್ತೆ ಮಾತ್ರ ಒಣಗಿದ್ದಳು.

ಕೊನೆಗೆ ನೀಲಿ ಗೆರೆಯ ಹಿಂದಿದ್ದ ವಹಿ ತರಿಸಿದೆ.
ಖಿಲಾರೆಯ ಕೈಬರಹ, ತಾಸಿಗೊಂದು ಅಂಕಿ,
ಎರಡೆರಡು ದಶಾಂಶ, ರಾತ್ರಿ ಹನ್ನೊಂದರವರೆಗೆ.
ಮುಂದೆ ಪೆನ್ಸಿಲ್ಲಿನಲ್ಲಿ:
ಪಟ್ಟಿ ಮುಳುಗಿತು. ಘಾಟಿನ ಮೆಟ್ಟಿಲು ಎಣಿಸಿ ಬರೆದದ್ದು.

ಹೋಗಿ ಕೇಳಿದೆ.
"ಎರಡು ಗಂಟೆಗೆ ಬ್ಯಾಟರಿ ಬಿಟ್ಟೆ, ತಾಯಿ.
ಮೇಲಿಂದ ಹನ್ನೊಂದು ಮೆಟ್ಟಿಲು ನೀರಿನ ಹೊರಗೆ.
ಹನ್ನೆರಡೂ ಅನ್ನಬಹುದು.
ಹನ್ನೆರಡನೆಯದು ಅಲೆ ಬಂದಾಗ ಇರಲಿಲ್ಲ,
ಅಲೆ ಹೋದಾಗ ಇತ್ತು."

ಒಂದು ಮೆಟ್ಟಿಲಿಗೆ ಒಂಬತ್ತು ಇಂಚು.
ಯಾರೂ ಇಲ್ಲದ ಹೊತ್ತಿನಲ್ಲಿ ಹನ್ನೆರಡು ಹಾಕಿದೆ:
ಸೊನ್ನೆ ಪಾಯಿಂಟ್ ತೊಂಬತ್ತೊಂದು.
ಹನ್ನೊಂದು ಹಾಕಿದೆ: ಎಂಬತ್ತೇಳು.
ಮತ್ತೆ ಹನ್ನೆರಡು.
ನದಿ ಹೊರಗೆ ತನ್ನಷ್ಟಕ್ಕೆ ನಾರುತ್ತಿತ್ತು.
ಹನ್ನೊಂದಕ್ಕೇ ಬಿಟ್ಟೆ. ಅವನು ಮೊದಲು ಅದನ್ನೇ ಬರೆದಿದ್ದ,
ಬೇರೆ ಕಾರಣ ನನ್ನಲ್ಲಿರಲಿಲ್ಲ.

ವರದಿಯ ನಮೂನೆಯಲ್ಲಿ ಒಂದೇ ಖಾನೆ.
ನೆರೆಗೊಂದು, ಬೇಸಿಗೆಗೊಂದು, ಎರಡು ಅಂಕಿ ತುಂಬಿದೆ.
ಖಾನೆ ಕೆಂಪಾಯಿತು: ಒಂದು ಸಂಖ್ಯೆ ಮಾತ್ರ.
ಓಗಲೆ ಮೇಡಂ ಕುರ್ಚಿ ಎಳೆದುಕೊಂಡು ಕೂತರು.
"ಬೇಸಿಗೆಯದನ್ನು ಯಾರು ಕೇಳುತ್ತಾರೆ?"
ಯಾರೂ ಕೇಳದ್ದಕ್ಕೇ, ಎನ್ನಬೇಕೆಂದಿದ್ದೆ.
ಆ ರಾತ್ರಿ ಅವರ ಅಕ್ಕನ ಮನೆಯಲ್ಲಿ
ಸೊಂಟದವರೆಗೆ ನೀರು ನಿಂತಿತ್ತು.
ನೆನಪಾಗಿ ಸುಮ್ಮನಾದೆ.
ಇಬ್ಬರೂ ಆ ಕೆಂಪು ಖಾನೆ ನೋಡುತ್ತಾ ಕೂತೆವು,
ಚಹಾ ಕೆನೆಗಟ್ಟಿತು.

ಸಂಜೆ ಖಿಲಾರೆಯ ಫೋನು.
"ನನ್ನ ವಹಿ ಪಾಸಾಯಿತಾ, ತಾಯಿ?
ಎಷ್ಟು ಮಾರ್ಕು?"
ಮಾರ್ಕು ನಿಮಗಲ್ಲ, ನಮಗೆ, ಎಂದೆ.
ಅವನಿಗದು ನಂಬಿಕೆಯಾಗಲಿಲ್ಲ.
ಸ್ವಲ್ಪ ತಡೆದು, ಯಾರೂ ಕೇಳದಿದ್ದರೂ,
"ಇವತ್ತಿನ ಮಟ್ಟ ಸೊನ್ನೆ ಪಾಯಿಂಟ್ ನಲವತ್ತೆರಡು.
ಬರೆದುಕೊಂಡಿರಾ?"

ಪೆನ್ನು ಹುಡುಕುತ್ತಾ, ಹೂಂ ಎಂದೆ.