ವೃತ್ತದ ಸಲುವಾಗಿ

ಬನ್ನಿ ಬಿದನೂರಿನವರೇ, ಚಾಪೆಯ ಮೇಲೆ ಕೂರಿ.
ಕವಲೆದುರ್ಗದ ಮೆಟ್ಟಿಲು ಹತ್ತಿದ ಮೊಣಕಾಲಿಗೆ
ಮೊದಲು ಮಜ್ಜಿಗೆ, ಆಮೇಲೆ ಲೆಕ್ಕ.

ಕಡತ ಇದೇ. ಹುಣಸೆಬೀಜದ ಅಂಟು, ಇದ್ದಿಲ ಕಪ್ಪು,
ಮಡಿಕೆ ಹದಿನೆಂಟು.
ಬಳಪ ಹಿಡಿದ ಕೈ ನನ್ನದು, ಸೇನಬೋವ ಲಿಂಗರಸನದು.
ಖರ್ಚು ಮಾಡಿದ ಕೈ ಮಾತ್ರ
ಹೋದ ಮಾಗಿಯಲ್ಲಿ ಮಣ್ಣು ಸೇರಿತು.

ನೀವು ಬೆರಳಿಟ್ಟ ಸಾಲು:
ಹೊಂಬುಜದ ಪಾಯಣ್ಣನಿಗೆ, ವೃತ್ತದ ಸಲುವಾಗಿ,
ವರಹ ಮೂರು, ಹಾಗ ಒಂದು.
ವೃತ್ತ ಯಾವ ಸೀಮೆಯ ಊರು, ಕಂದಾಯವೆಷ್ಟು ಅನ್ನುತ್ತೀರಿ.
ಊರಲ್ಲ ಸ್ವಾಮಿ. ಬರೀ ದುಂಡು.
ಅದರ ಸುತ್ತಳತೆ ಅಡ್ಡಳತೆಯ ಮೂರು ಪಾಲು,
ಮೇಲಿಷ್ಟು ಚಿಲ್ಲರೆ ಅನ್ನುತ್ತಾರಲ್ಲ,
ಆ ಚಿಲ್ಲರೆಯ ಬೆನ್ನು ಹತ್ತಿದವನು ಪಾಯಣ್ಣ.
ಚಿಲ್ಲರೆ ಮುಗಿಯಲಿಲ್ಲ, ಎಣ್ಣೆ ಮುಗಿಯಿತು.
ಕೆಳಗೇ ಇದೆ ನೋಡಿ: ದೀಪದೆಣ್ಣೆ, ಮಾನ ಎಂಟು.

ನಮ್ಮ ಮರುಳಪ್ಪ ಒಡೆಯರಿಗೆ ಗಣಿತ ಬರುತ್ತಿತ್ತೇ?
ಹಾಗದ ಕೆಳಗೆ ವೀಸ, ವೀಸದ ಕೆಳಗೆ ಕಾಣಿ,
ಅಲ್ಲಿಗೆ ಬೆರಳು ಮಡಚಿ ನನ್ನ ಮುಖ ನೋಡುತ್ತಿದ್ದರು.
ಅಣ್ಣನ ಎದೆಮಟ್ಟಕ್ಕೆ ಬರುವ ಆಳು, ಬೆನ್ನು ಗೂನು,
ಕುದುರೆ ಹತ್ತಿಸಲು ಇಬ್ಬರು ಬೇಕು.
ಅಣ್ಣ ದಂಡಿಗೆ ಹೋದಾಗ ಇವರು ಹೋದದ್ದು ತೀರ್ಥಹಳ್ಳಿಗೆ.
ತಿಮ್ಮಾಭಟ್ಟರು ಪಾಯಣ್ಣನ ಮೇಲೆ ಮುನಿದು
ಅವನ ಓಲೆ ಮುಟ್ಟೆನೆಂದು ಕೂತಿದ್ದರಂತೆ.
ಇವನ ಓಲೆ ಅವರಿಗೆ, ಅವರ ಬೈಗುಳ ಇವನಿಗೆ,
ನಡುವೆ ತುಂಬಿದ ತುಂಗೆ,
ದೋಣಿಯಲ್ಲಿ ಮುದುರಿ ಕೂತ ನಮ್ಮ ಒಡೆಯರು.
ಬೈಗುಳ ಬಿಟ್ಟು ಉಳಿದದ್ದನ್ನು ತಾವೇ ನಕಲು ಮಾಡಿ
ಇಬ್ಬರಿಗೂ ಮುಟ್ಟಿಸುತ್ತಿದ್ದರು.
ದೋಣಿಯವನಿಗೆ ಅರೆ ಹಣ. ಅದೂ ಇದೆ, ಐದನೆಯ ಮಡಿಕೆ.

ಹೆಸರಿಗೆ ತಕ್ಕ ಮರುಳು ಅಂದಿತು ಪೇಟೆ.
ನಾನೂ ಅಂದವನೇ.

ಒಮ್ಮೆ ಕೇಳಿಯೂ ಬಿಟ್ಟೆ: ಇದರಿಂದ ಬರುವುದೇನು ಬುದ್ಧೀ?
ಅಂಗಳದಲ್ಲಿ ಮೆಣಸಿನ ರಾಶಿ ಬಿದ್ದಿತ್ತು,
ಗೋವೆಯ ಪರಂಗಿಯವರು ಕೊಳ್ಳಲು ಕಾದಿದ್ದರು.
ಒಡೆಯರು ರಾಶಿಯ ಸುತ್ತ ಹಗ್ಗ ಹಿಡಿಸಿ,
ಕೊಳಗ ಮುಟ್ಟದೆ, ಬಹಳ ಹೊತ್ತು ಗೊಣಗಿ,
ಇಷ್ಟು ಖಂಡುಗ ಅಂದರು.
ಅಳೆದೆವು. ಹನ್ನೊಂದು ಕೊಳಗ ತಪ್ಪಿತ್ತು.
ನಾನು ನಕ್ಕೆ. ಅವರು ನನಗಿಂತ ಜೋರಾಗಿ ನಕ್ಕರು.
“ತಪ್ಪು ನನ್ನದು ಲಿಂಗರಸ, ಸೂತ್ರದ್ದಲ್ಲ.
ಪಾಯಣ್ಣನಿಗೆ ಇನ್ನೊಂದು ವರಹ ಕಳಿಸು.”

ನಿಮ್ಮ ಅಪ್ಪಣೆ ಗೊತ್ತು: ತಾಳೆಯಾಗದ ಕಡತ ಒರೆಸಿ,
ಮತ್ತೆ ಕಪ್ಪು ಹಚ್ಚಿ, ಹೊಸ ಲೆಕ್ಕಕ್ಕೆ ಒಪ್ಪಿಸಬೇಕು.
ಒದ್ದೆ ಬಟ್ಟೆ ಅಗೋ ಅಲ್ಲಿದೆ.
ನನ್ನ ಸಂಬಳದ ಬಾಕಿಯೂ ಇದರಲ್ಲೇ ಇತ್ತು, ಹೋಗಲಿ.

ಹಿಂದಿನ ಮಗ್ಗುಲು ಮಾತ್ರ ಒಮ್ಮೆ ತಿರುವಿ ನೋಡಿ.
ನಡುಗುವ ಕೈ ಬರೆದ ದುಂಡು, ಬಾಯಿ ಕೂಡಿಲ್ಲ.
ಒಳಗೆಲ್ಲ ಪಾಯಣ್ಣನ ಅಂಕಿ, ಭಟ್ಟರ ತಿದ್ದುಪಡಿ,
ಒಡೆಯರು ತೀರಿಕೊಳ್ಳುವ ಮೂರು ದಿನ ಮೊದಲು
ಮಲಗಿದಲ್ಲೇ ನಕಲು ಮಾಡಿದ್ದು.
ನನಗೆ ಒಂದಕ್ಷರ ತಿಳಿಯದು.
ನಿಮಗೆ ತಿಳಿಯುತ್ತದೆಯೇ?

ಇಲ್ಲವಾದರೆ ಆ ಬಟ್ಟೆ ಇತ್ತ ಕೊಡಿ.