ಅಂಗೈ ಆರುವ ತನಕ

ಫ್ಯಾನು ನಿಲ್ಲಿಸಿದ್ದೇನೆ. ಪರದೆ ಎಳೆದಿದ್ದೇನೆ.
ಪಟ್ಟಿ ಬಿಚ್ಚಿದ ಮಂಡಿ ಹದಿನೈದು ನಿಮಿಷ
ಕೋಣೆಯ ಗಾಳಿಗೆ ಹೊಂದಿಕೊಳ್ಳಬೇಕು.
ಸೀರೆ ತಾಗಬಾರದು, ಕೈ ತಾಗಬಾರದು,
ಆಮೇಲೆ ಚಿತ್ರ.
"ಫೋಟೋ ಅಂತ ಮೊದಲೇ ಹೇಳೋದಲ್ವಾ," ಅಂತಾರೆ ಖಮರುನ್ನಿಸಾ,
"ಒಂಚೂರು ಪೌಡರ್ ಹಾಕ್ಕೊಂಡು ಬರ್ತಿದ್ದೆ ಮಂಡಿಗೆ."

ಶಿಡ್ಲಘಟ್ಟದಿಂದ ಮೊದಲ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಬಂದವರು.
ನಲವತ್ತು ವರ್ಷ ಗೂಡು ಬೇಯಿಸಿ ನೂಲು ಬಿಚ್ಚಿದವರು.
ಬೆರಳ ತುದಿ ನೆನೆದ ಕಾಗದದಂತೆ ಬಿಳಿಚಿ, ಗೆರೆಯೆಲ್ಲ ಅಳಿಸಿ,
ಪಡಿತರದ ಅಂಗಡಿಯ ಯಂತ್ರ ಮೂರು ಸಲ
ಇವರು ಇವರಲ್ಲ ಅಂದಿತ್ತಂತೆ.
ಬಾಂಡಲಿ ಮುಂದಿನ ಗೇಣೆತ್ತರದ ಮಣೆ
ಮಂಡಿಯನ್ನು ತಿಂದಿತು. ಈಗ ಬಲಗಾಲಲ್ಲಿ ಲೋಹ.

ಸಮಯ ಕಳೆಯಲು ಕೇಳುತ್ತೇನೆ:
ನೀರು ಹದಕ್ಕೆ ಕಾದಿದೆ ಅಂತ ಹೇಗೆ ಗೊತ್ತಾಗ್ತಿತ್ತು?
"ಕೈಗಲ್ಲ ಮಗಾ. ಕೈಗೆ ಬಿಸಿ ತಿಳಿಯೋದು ನಿಂತು
ನನ್ನ ದೊಡ್ಡ ಮಗಳಷ್ಟು ವಯಸ್ಸಾಯ್ತು.
ಗೂಡನ್ನ ನೋಡ್ಬೇಕು. ಬೆಂದರೆ ಎಳೆ ತಾನೇ ತುದಿ ಕೊಡ್ತದೆ.
ಬೇಯದೇ ಇದ್ರೆ, ಎಷ್ಟು ಕೆದಕಿದ್ರೂ
ಮೊಂಡು ಹಿಡಿದ ಮಗು."

ಪರದೆಯ ಮೇಲೆ ಅವರ ಹಳೆಯ ಮಂಡಿಗಳು ಸಾಲಾಗಿವೆ.
ಮೂರನೇ ದಿನದ್ದು ಕುಲುಮೆ.
ಕೊಯ್ದ ಮೈ ಕಾಯಲೇಬೇಕು, ಅದು ರೋಗವಲ್ಲ, ರಿಪೇರಿ.
ಹತ್ತನೇ ದಿನ ಕೇಸರಿ.
ಇಪ್ಪತ್ತೆರಡಕ್ಕೆ ಹಳದಿ, ಅಂಚಿನಲ್ಲಿ ಹಸಿರು,
ಮಾಗುವುದನ್ನು ಮರೆತು ಹಿಂದಕ್ಕೆ ನಡೆದ ಮಾವಿನಕಾಯಿ.
ಪಕ್ಕದಲ್ಲಿ ಎಡಮಂಡಿ, ಪ್ರತಿ ಸಲವೂ ನೀಲಿ,
ಕೊಯ್ಯದೆ ಉಳಿದ ಸಾಕ್ಷಿ.
ಅದಕ್ಕೂ ಇದಕ್ಕೂ ಎಷ್ಟು ಅಂತರ, ಅಷ್ಟೇ ನನ್ನ ಲೆಕ್ಕ.
ಇಳಿಯುತ್ತ ಬರಬೇಕು. ಇಳಿದದ್ದು
ಮತ್ತೆ ಏರಬಾರದು.

ಇವತ್ತು ನಲವತ್ತನೇ ದಿನ.
"ಬಾಣಂತಿ ಕೂಡ ಚಿಲ್ಲಾ ಮುಗಿಸಿ ಎದ್ದು ನೀರು ಹಾಕ್ಕೊಳ್ಳೋ ದಿನ.
ನೋವಿಲ್ಲ, ಜ್ವರ ಇಲ್ಲ, ನೋಡು," ಅಂದು
ಟಪಟಪ ತಟ್ಟಿಬಿಟ್ಟರು.

ಚಿತ್ರದಲ್ಲಿ ಮೊದಲು ಬಂದದ್ದು ಒಂದು ಕೈ.
ಬಿಳಿಯ ಐದು ಬೆರಳು, ದಪ್ಪ ಅಂಗೈ,
ಬಾಗಿಲಿಗೆ ಹಚ್ಚಿದ ಅರಿಸಿನದ ಹಸ್ತದ ಹಾಗೆ ಮಂಡಿಯ ಮೇಲೆ.
ಪಡಿತರದ ಯಂತ್ರ ಕಾಣದ ಆ ಕೈ
ಇಲ್ಲಿ ಪೂರಾ ಮೂಡಿತ್ತು.
"ನಂದಾ?" ಅಂತ ಬಗ್ಗಿ ನೋಡಿದರು,
ಕಳೆದ ಬಳೆ ಸಿಕ್ಕವರ ಹಾಗೆ.

ಮತ್ತೆ ಕಾದೆವು. ಈ ಸಲ ಕೈಕಟ್ಟಿಕೊಂಡು,
ಶಾಲೆಯ ಮಕ್ಕಳಂತೆ ಇಬ್ಬರೂ.
ಮೊದಲು ಕಿರುಬೆರಳು ಹೋಯಿತು.
ಆಮೇಲೆ ಉಳಿದವು, ಒಂದರೊಳಗೊಂದು ಕರಗಿ.
ಅಂಗೈ ಕೊನೆಗೆ.
ಅಂಗೈ ಹೋದ ಮೇಲೆ ಅದರ ಅಡಿಯಲ್ಲಿ,
ಹೊಲಿಗೆಯ ಕೆಳತುದಿಗೆ, ಒಳಮಗ್ಗುಲಲ್ಲಿ,
ನಿಂಬೆಗಾತ್ರದ ಕೆಂಪೊಂದು ಕೂತಿತ್ತು.
ಐದು ನಿಮಿಷ ನೋಡಿದೆ. ಹತ್ತು ನಿಮಿಷ.
ಅದು ಹೋಗಲಿಲ್ಲ.

ಕಳೆದ ಸಲಕ್ಕಿಂತ ಒಂದು ಡಿಗ್ರಿ, ಮೇಲೆರಡು ಪಾಯಿಂಟು.
ನನ್ನ ಅಂಗೈ ಮೇಲುಗಡೆ ಇಟ್ಟು ನೋಡಿದ್ದರೆ
ಚೆನ್ನಾಗಿದೆ ಅನ್ನುತ್ತಿದ್ದೆ.
ಈ ಪೆಟ್ಟಿಗೆಗೆ ಕೀವು ಗೊತ್ತಿಲ್ಲ, ಕ್ರಿಮಿ ಗೊತ್ತಿಲ್ಲ,
ಇಲ್ಲಿ ನೋಡಿ ಅನ್ನಲು ಮಾತ್ರ ಬರುತ್ತದೆ.
ಉಳಿದದ್ದು ಮೇಲಿನ ಮಹಡಿಯ ಡಾಕ್ಟರದ್ದು,
ಕೀಲಿನಿಂದ ನೀರು ಎಳೆಯುವ ಸೂಜಿಯದ್ದು,
ಲ್ಯಾಬಿನ ನಾಲ್ಕು ದಿನದ್ದು.

"ಆರಿತಾ?"
"ಕೈ ಆರಿತು, ಅಮ್ಮಾ."

ಪರದೆ ನೋಡಲಿಲ್ಲ ಅವರು. ನನ್ನ ಮುಖ ನೋಡಿದರು,
ಕುದಿಯುವ ನೀರಿನಲ್ಲಿ ತೇಲುವ ಗೂಡನ್ನು
ಮುಟ್ಟದೆಯೇ ನೋಡುತ್ತಾರಲ್ಲ, ಹಾಗೆ.
"ತುದಿ ಸಿಕ್ತು ಅನ್ನು," ಎಂದರು.

ಫೋನು ಎತ್ತಿಕೊಂಡೆ. ಫ್ಯಾನು ಹಾಕಲು
ಮರೆತದ್ದು, ಬೆವರು ಕಣ್ಣಿಗಿಳಿದಾಗ
ನೆನಪಾಯಿತು.